ಕೊಯ್ದದ್ದು ಎಲ್ಲಿ ಹೋಗ್ತೈತವ್ವಾ?

ಹೂಂಗುಟ್ಟಲಿಕ್ಕೆ ಒಬ್ಬರು ಬೇಕು, ಇಲ್ಲದಿದ್ದರೆ ನಾನು ಕತೆ ಹೇಳುವವನಲ್ಲ. ಹಾಂ, ನೀನೇ ಹೂಂಗುಟ್ಟು. ನಡುವೆ ನಿದ್ದೆ ಹೋದೆಯೋ, ದ್ಯಾಮಣ್ಣನನ್ನು ಅರ್ಧದಾರಿಯಲ್ಲೇ ಬಿಟ್ಟು ಎದ್ದು ಹೋಗಿಬಿಡುತ್ತೇನೆ. ಆಮೇಲೆ ಅವನಿಗೆ ಮನೆಗೆ ಬರುವ ದಾರಿಯೂ ತಿಳಿಯುವುದಿಲ್ಲ, ಆ ಪಾಪ ನಿನಗೇ.

ಗುಳೇದಗುಡ್ಡದಲ್ಲಿ ಮಳಿಯಪ್ಪ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಹೆಂಡತಿ ನಿಂಬೆವ್ವ. ಅವನು ಫೋಟೋ ತೆಗೆಯುವವನು, ಅವಳು ಗಾಜು ಕೊಯ್ದು, ಮರದ ಪಟ್ಟಿ ಬಡಿದು ಆ ಫೋಟೋಕ್ಕೆ ಕಟ್ಟು ಹಾಕುವವಳು. ಅಂಗಡಿ ಒಂದೇ, ಕೈ ನಾಲ್ಕು. ಹಾಗೆ ನಡೆದಿತ್ತು ಸಂಸಾರ. ಒಂದು ದಿನ ಮಳಿಯಪ್ಪ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಉಳಿದದ್ದು ಮಗ ದ್ಯಾಮಣ್ಣ. ಆಳು ನೋಡಿದರೆ ಬಾಗಿಲು ತುಂಬುವಂಥ ಮೈಕಟ್ಟು. ಬುದ್ಧಿ ಇರಲಿಲ್ಲ ಅನ್ನಲಾರೆ, ಇತ್ತು. ಆದರೆ ಹೇಳಿದಷ್ಟೇ ನಡೆಯುತ್ತಿತ್ತು. ಒಂದು ಹೆಜ್ಜೆ ಹಿಂದಿಲ್ಲ, ಒಂದು ಹೆಜ್ಜೆ ಮುಂದಿಲ್ಲ. "ಬಾಗಿಲಾ ಕಾಯಪಾ" ಅಂದರೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದ. ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋದರೆ ಅದು ಕಿಟಕಿಯ ವಿಚಾರ, ಅವನದಲ್ಲ.

ಅಪ್ಪ ಅವನಿಗೊಂದು ಮಗ್ಗಿ ಕಲಿಸಿ ಹೋಗಿದ್ದ. "ಕ್ಯಾಮೆರಾ ಮೂರಕ್ಕ ಎರಡು. ಫೋನು ನಾಲ್ಕಕ್ಕ ಮೂರು. ಟೀವಿ ಹದಿನಾರಕ್ಕ ಒಂಬತ್ತು. ದೇವರ ಕಟ್ಟು ಐದಕ್ಕ ನಾಲ್ಕು." ಅಂದರೆ ಅಗಲ ಮೂರು ಗೇಣಾದರೆ ಎತ್ತರ ಎರಡು ಗೇಣು, ಅಗಲ ಹದಿನಾರಾದರೆ ಎತ್ತರ ಒಂಬತ್ತು, ಹೀಗೆ. ಮಗ್ಗಿ ಸಿಕ್ಕಿದ್ದೇ ತಡ, ದ್ಯಾಮಣ್ಣ ಕಣ್ಣಿಗೆ ಬಿದ್ದದ್ದನ್ನೆಲ್ಲ ಗೇಣು ಹಾಕಿ ಅಳೆಯುವವನಾದ. "ಯವ್ವಾ, ರೊಟ್ಟಿ ಒಂದಕ್ಕ ಒಂದು! ಯವ್ವಾ, ಬಾಗಿಲು ಒಂದಕ್ಕ ಎರಡು! ಯವ್ವಾ, ಎಮ್ಮಿ ಮೂರಕ್ಕ ಎರಡು, ಬಾಲಾ ಬಿಟ್ಟು!"

"ಎಮ್ಮಿ ಅಳೀಬ್ಯಾಡೋ, ಹಿಂಡಿಕೊಂಡು ಬಾ!" ಅನ್ನುತ್ತಿದ್ದಳು ನಿಂಬೆವ್ವ.

ಈಗ ಆ ತಾಯಿಯ ಸಂಕಟ ಏನು ಅಂತ ಕೇಳು. ಊರಿನವರೆಲ್ಲರ ಫೋಟೋ ತೆಗೆದ ಮಳಿಯಪ್ಪನದು ಒಂದೂ ಫೋಟೋ ಇರಲಿಲ್ಲ! ಯಾವಾಗಲೂ ಕ್ಯಾಮೆರಾದ ಹಿಂದೆ ನಿಂತವನು ಫೋಟೋದೊಳಗೆ ಹೇಗೆ ಬರುತ್ತಾನೆ? ತನ್ನ ಮದುವೆಯಲ್ಲೂ ಬೇರೆಯವರ ಕೈ ಮೇಲೆ ನಂಬಿಕೆ ಸಾಲದೆ ತಾನೇ ಕ್ಯಾಮೆರಾ ಹಿಡಿದಿದ್ದ ಪುಣ್ಯಾತ್ಮ. ಮದುವೆಯ ಆಲ್ಬಮ್ ತೆರೆದರೆ ಪುಟಪುಟಕ್ಕೂ ನಿಂಬೆವ್ವ ಒಬ್ಬಳೇ, ಪಕ್ಕದಲ್ಲಿ ಖಾಲಿ ಕುರ್ಚಿ. ಆಧಾರ ಕಾರ್ಡಿನಲ್ಲಿ ಒಂದು ಮುಖ ಇತ್ತು. ಅದು ಯಾವುದೋ ಕಳ್ಳನದು ಅಂತ ನಿಂಬೆವ್ವನ ವಾದ, ಅದಕ್ಕೆ ಹಾರ ಹಾಕಲು ಅವಳು ಸುತರಾಂ ಒಪ್ಪಳು.

ಮೊದಲನೇ ಪುಣ್ಯತಿಥಿ ಹತ್ತಿರ ಬಂದಿತ್ತು. "ಊರ ಮಂದಿ ಮುಖಾ ಎಲ್ಲಾ ಗ್ವಾಡಿ ಮ್ಯಾಲೆ ಅದಾವು, ಅವನ ಮುಖಾ ಒಂದ ಇಲ್ಲ," ಅಂತ ನಿಂಬೆವ್ವ ಕಣ್ಣೊರೆಸಿಕೊಂಡಳು. "ನನಗ ದಿನಾ ಒಂದೀಟು ಮರೀಲಿಕ್ಕತ್ತೈತಿ. ಮೂಗು ನೆನಪೈತಿ, ನಗೂ ನೆನಪೈತಿ, ಎರಡೂ ಕೂಡಿ ಬರವೊಲ್ವು." ಗಂಡನ ಮುಖವೇ ಮರೆತುಹೋದೀತು ಅಂತ ಅವಳಿಗೆ ಹೆದರಿಕೆ.

ಇದ್ದದ್ದು ಒಂದೇ ಒಂದು ಗುರುತು. ಮಠದ ಗೋಡೆಯ ಮೇಲೆ ಮಳಿಯಪ್ಪನೇ ತೆಗೆದ ಭಜನಾ ಮಂಡಳಿಯ ಫೋಟೋ. ಅದರಲ್ಲಿ ತಾಳ ಹಿಡಿದವನ ಪಕ್ಕ, ಕಟ್ಟಿನ ಅಂಚಿಗೆ ತಾಗಿ ಒಂದು ಮೊಣಕೈ. ಮೈಯಿಲ್ಲ, ಮುಖವಿಲ್ಲ, ಬರೀ ಮೊಣಕೈ. ಅಂಗಿಯ ಮೊಣಕೈಗೆ ಹಸಿರು ತೇಪೆ. ಆ ತೇಪೆ ಹಾಕಿದವಳು ನಿಂಬೆವ್ವನೇ! "ಮುಖಾ ಇಲ್ಲದಿದ್ರ ಮೊಣಕೈಯಾದ್ರೂ ಆಗ್ಲಿ. ಅದನ್ನ ದೊಡ್ಡದು ಮಾಡಿ ಕಟ್ಟು ಹಾಕಿ ಹಾರಾ ಹಾಕ್ತೀನಿ," ಅಂತ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಮಠದ ಕೀಲಿ ಇದ್ದದ್ದು ಭಜನಾ ಮಂಡಳಿಯ ಹಿರಿಯ, ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ಗುರಸಿದ್ಧಪ್ಪನ ಹತ್ತಿರ. ಪೇಟಿ ಮಾಸ್ತರು ಅಂತಲೇ ಅವರ ಹೆಸರು. ಅವರನ್ನು ಕೇಳಿದರೆ ಕೊಡುತ್ತಾರೆ, ಕೇಳಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ಮಗ ಕೆಲಸಕ್ಕಿಳಿದ.

ಒಂದು ದಿನ ಬರಮಪ್ಪ ಅಂಗಡಿಗೆ ಬಂದ. ಹೊಸದಾಗಿ ಜೋಡೆತ್ತು ತಂದಿದ್ದ, ಮೀಸೆ ತಿರುವುತ್ತಲೇ ಬಂದ. "ತಮ್ಮಾ, ನನ್ನ ಎತ್ತಿನ ಫೋಟೋ ಫೋನಿನಾಗ ಐತಿ. ಆ ಗ್ವಾಡಿ ಮ್ಯಾಲಿನ ಬಂಗಾರದ ಬಣ್ಣದ ಕಟ್ಟಿನಾಗ ಹಾಕಿಕೊಡು."

ದ್ಯಾಮಣ್ಣ ಗೇಣು ಹಾಕಿದ. ಫೋಟೋ ಅಗಲ, ಕಟ್ಟು ಇಕ್ಕಟ್ಟು. "ಯವ್ವಾ, ಹಿಡಿಸವೊಲ್ದು!"

ನಿಂಬೆವ್ವ ಒಳಗೆ ಗಾಜು ಕೊಯ್ಯುತ್ತಿದ್ದಳು. ಗಾಜು ಕೊಯ್ಯುವಾಗ ತಲೆ ಎತ್ತುವಂತಿಲ್ಲ. "ಹೆಚ್ಚಾದದ್ದು ಕೊಯ್ದು ಹಾಕೋ!" ಅಂದಳು.

ಹೂಂ ಅಂದ ದ್ಯಾಮಣ್ಣ. ಯಾವುದು ಹೆಚ್ಚಾಯಿತು? ಎತ್ತಿನ ಫೋಟೋ ಅಂದಿದ್ದಾನೆ. ಎತ್ತು ಎರಡು, ಎರಡೂ ಬೇಕು. ಬಾಲ ಎರಡು, ಅವೂ ಬೇಕು. ತುದಿಗೆ ನಿಂತವ ಬರಮಪ್ಪ. ಹಾಂ, ಹೆಚ್ಚಾದದ್ದು ಇದೇ! ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದ, ಬರಮಪ್ಪ ಹೋದ.

ಬರಮಪ್ಪ ಬಂದು ನೋಡಿದ. "ಲೇ! ನಾ ಎಲ್ಲಿ?"

"ನೀವು ಹೆಚ್ಚಾದ್ರಿ."

"ಮತ್ತ ಹಗ್ಗಾ ಹಿಡದದ್ದು ಯಾರ ಕೈ?"

"ನಿಮ್ದ ರೀ. ಕೈ ಹಿಡಿಸ್ತು, ನೀವು ಹಿಡಿಸಲಿಲ್ಲ."

ಬರಮಪ್ಪನ ಕೂಗು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತು. ನಿಂಬೆವ್ವ ಕೈಮುಗಿದು, ಬೇರೆ ಮಾಡಿಸಿಕೊಡ್ತೀನಿ ಅಂತ ಹೇಳಿ ಕಳಿಸಿ, ಮಗನ ಕಡೆ ತಿರುಗಿದಳು. "ಹುಚ್ಚಪ್ಯಾಲಿ! ಮನುಷ್ಯಾರನ್ನ ಕೊಯ್ತಾರೇನೋ! ಇನ್ನ ಮ್ಯಾಲೆ ಕೊಯ್ಯಬ್ಯಾಡ. ಹಿಡಿಸದಿದ್ರ ಮೂಲಿ ಹಿಡಿದು ಎಳಿ. ನಾಕೂ ಕಡೆ ತುಂಬೂತನಕ ಎಳಿ!" ಅವಳ ಮನಸ್ಸಿನಲ್ಲಿ ಇದ್ದದ್ದು ಕಟ್ಟು ಹಾಕುವಾಗ ಖಣದ ಬಟ್ಟೆಯನ್ನು ಹಲಗೆಗೆ ಬಿಗಿಯುವ ರೀತಿ. ಫೋಟೋ ಬೇರೆ, ಬಟ್ಟೆ ಬೇರೆ ಅಂತ ಸಿಟ್ಟಿನಲ್ಲಿ ಅವಳಿಗೂ ಹೊಳೆಯಲಿಲ್ಲ.

"ಹೂಂ. ಯವ್ವಾ..."

"ಏನು?"

"ಕೊಯ್ದದ್ದು ಎಲ್ಲಿ ಹೋಗ್ತೈತವ್ವಾ?"

"ಕಸದ ಬುಟ್ಟಿಗೆ ಹೋಗ್ತೈತಿ!"

ದ್ಯಾಮಣ್ಣ ಕಸದ ಬುಟ್ಟಿ ಬೋರಲು ಹಾಕಿ ನೋಡಿದ. ಗಾಜಿನ ಚೂರಿತ್ತು, ಬಾಳೆಹಣ್ಣಿನ ಸಿಪ್ಪೆ ಇತ್ತು. ಬರಮಪ್ಪ ಇರಲಿಲ್ಲ. ಕಂಪ್ಯೂಟರಿನ ಹಿಂದೆ ಕೈಯಾಡಿಸಿದ, ಅಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಮೀಸೆಯ ಆಳು ಗೆರೆ ದಾಟಿದ್ದೇ ಎಲ್ಲಿಗೆ ಹೋದ? ಅನ್ನ ತಿನ್ನುವಾಗಲೂ ಅದೇ ಯೋಚನೆ ಅವನಿಗೆ.

ಆಮೇಲೆ ಪೇಟಿ ಮಾಸ್ತರೇ ಅಂಗಡಿಗೆ ಬಂದರು. ಮಗಳು ಸಾವಂತ್ರಿಗೆ ಗಂಡು ನೋಡಿದ್ದರು. ಗಂಡಿನ ಮನೆಯಲ್ಲಿ ಗೋಡೆ ತುಂಬ ದೊಡ್ಡ ಟೀವಿ. ಮನೆಮಂದಿಯೆಲ್ಲ ಕೂತು ಅದರಲ್ಲೇ ಹುಡುಗಿ ನೋಡುವವರು. ಸಾವಂತ್ರಿ ನುಗ್ಗೆಕಾಯಿಯಂಥ ಹುಡುಗಿ, ನಿಂತು ತೆಗೆಸಿದ ಫೋಟೋ. "ದ್ಯಾಮಣ್ಣಾ, ಇದನ್ನ ಟೀವಿಗೆ ಬರೋಹಂಗ ಮಾಡಿಕೊಡಪಾ."

ಮಠದ ಕೀಲಿಯವರೇ ಬಂದಿದ್ದಾರೆ! ನಿಂಬೆವ್ವ ಮಠದ ಫೋಟೋದ ಮೊಣಕೈ ವಿಚಾರ ಅವರ ಕಿವಿಗೆ ಹಾಕಿ, ಸಂಭ್ರಮದಿಂದ ಚಹಾ ಮಾಡಲು ಒಳಗೆ ಹೋದಳು. ದ್ಯಾಮಣ್ಣ ಮಗ್ಗಿ ಹೇಳಿಕೊಂಡ. ಟೀವಿ ಹದಿನಾರಕ್ಕ ಒಂಬತ್ತು. ಸಾವಂತ್ರಿ ಒಂಬತ್ತಕ್ಕ ಹದಿನಾರು. ಟೀವಿ ಮಲಗಿದೆ, ಹುಡುಗಿ ನಿಂತಿದ್ದಾಳೆ. ಕೊಯ್ಯಬಾರದು, ಎಳೀಬೇಕು. ಮೂಲೆ ಹಿಡಿದ, ಎಳೆದ. ನಾಲ್ಕೂ ಕಡೆ ತುಂಬುವತನಕ ಎಳೆದ.

ಗಂಡಿನ ಮನೆಯಿಂದ ಫೋನು ಬಂತು. "ಮಾಸ್ತರ, ಒಂದು ಹುಡುಗಿ ಕೇಳಿದ್ವಿ. ಮೂರು ಕೂಡಿಸಿ ಕಳಿಸೀರೇನು?"

ಮಾಸ್ತರು ಓಡಿ ಬಂದು ಕಂಪ್ಯೂಟರಿನಲ್ಲಿ ನೋಡಿದರು. ಸಾವಂತ್ರಿಯ ಮುಖ ಮೊರದಷ್ಟಾಗಿತ್ತು. ಹಣೆಯ ದುಂಡು ಕುಂಕುಮ ಬಾಳೆಕಾಯಿಯಾಗಿತ್ತು. "ಲೇ ದ್ಯಾಮ್ಯಾ! ಇದು ನನ್ನ ಮಗಳೇನೋ?"

"ಹೌದ್ರಿ ಮಾಸ್ತರ. ಒಂದು ಕೂದಲಾನೂ ಕೊಯ್ದಿಲ್ಲ!"

ನಿಂಬೆವ್ವ ಹಣೆ ಬಡಿದುಕೊಂಡಳು. "ಎಡಬಿಡಂಗಿ! ಎಳೀಬ್ಯಾಡೋ! ಇದ್ದ ಆಕಾರ ಇದ್ದಂಗ ಇರ್ಲಿ. ಎರಡೂ ಕಡೆ ಜಾಗಾ ಉಳೀತೈತೋ ಇಲ್ಲೋ, ಅಲ್ಲಿ ಕರೀ ಪಟ್ಟಿ ಹೊಡಿ! ಟೀವಿಯಾಗ ಹಳೇ ಸಿನಿಮಾಕ್ಕ ಎರಡೂ ಕಡೆ ಕರೀ ಇರ್ತೈತಿ ನೋಡು, ಹಂಗ!"

"ಹೂಂ," ಅಂದ ದ್ಯಾಮಣ್ಣ.

ಗಂಡಿನವರು ಒಳ್ಳೆಯವರು. ಬಂದು ಕಣ್ಣಾರೆ ಹುಡುಗಿ ನೋಡಿ ಒಪ್ಪಿದರು. ಮಾಸ್ತರ ಮನೆಯಲ್ಲಿ ನಿಶ್ಚಯದ ಕಾರ್ಯ ಇಟ್ಟರು. ನಿಂಬೆವ್ವನಿಗೆ ಜೀವ ಬಂತು. ತಪ್ಪು ಕಾಣಿಕೆ ಅಂತ ಮಗನನ್ನು ಮುಂಜಾನೆಯೇ ಕೆಲಸಕ್ಕೆ ಕಳಿಸಿದಳು. "ಹೋಗಿ ಪಡಸಾಲಿಯಾಗ ಜಮಖಾನಾ ಹಾಸಿಕೊಡು. ಹಿಂದ ಮುಂದ ನೋಡಿ ಮಾಡು!"

ಜಮಖಾನ ಹಾಸಿದ. ಪಡಸಾಲೆಯ ನಡುವೆ ಹರಡಿ ಕೂತಿತು, ಎರಡೂ ಕಡೆ ನೆಲ ಉಳಿಯಿತು. ದ್ಯಾಮಣ್ಣ ಹಿಂದೆ ನೋಡಿದ, ಮುಂದೆ ನೋಡಿದ. ಕೊಯ್ಯುವಂತಿಲ್ಲ, ಎಳೆಯುವಂತಿಲ್ಲ, ಎರಡೂ ಕಡೆ ಜಾಗ ಉಳಿದಿದೆ. ಅವ್ವ ಹೇಳಿದ್ದಾಳಲ್ಲ! ಅಡಿಗೆಮನೆಗೆ ಹೋಗಿ ಹಂಚಿನ ತಳದ ಮಸಿ ಕೆರೆದು, ಎಣ್ಣೆ ಕಲಸಿ, ಎರಡೂ ಕಡೆ ಗೋಡೆಯ ತನಕ ಕಪ್ಪಗೆ ಬಳಿದ. ಗೆರೆ ಹಿಡಿದಂತೆ ನೀಟಾಗಿ ಬಳಿದ. ದೂರ ನಿಂತು ನೋಡಿದರೆ ಥೇಟ್ ಟೀವಿ!

ಬೀಗರು ಬಂದರು. ಎಲ್ಲರದೂ ಇಸ್ತ್ರಿ ಹಾಕಿದ ಬಿಳಿ ಧೋತರ. ಜಮಖಾನದ ಮೇಲೆ ಹಿಡಿಸಿದವರು ಅಲ್ಲಿ ಕೂತರು, ಹಿಡಿಸದವರು ಎರಡೂ ಕಡೆ ಕೂತರು. ಕರಿಕಲ್ಲಿನ ನೆಲ ತಣ್ಣಗಿದೆ ಅಂತ ಹೊಗಳಿದರು ಸಹ. ತಾಂಬೂಲ ತಗೊಳ್ಳಲು ಎದ್ದರು. ಎದ್ದು ತಿರುಗಿದರು.

ಯಪ್ಪಾ! ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಬೀಗರು ತಮ್ಮ ಹಿಂಭಾಗ ತಾವು ನೋಡಿಕೊಳ್ಳಲಾರದೆ ಒಬ್ಬರದನ್ನು ಒಬ್ಬರು ನೋಡಿದರು. ದೊಡ್ಡ ಮನಸ್ಸಿನ ಜನ, ನಕ್ಕುಬಿಟ್ಟರು. ಪೇಟಿ ಮಾಸ್ತರು ಮಾತ್ರ ನಗಲಿಲ್ಲ.

"ನಿನ್ನ ಬುದ್ಧಿಗೆ ಬೆಂಕಿ ಹಚ್ಚ!" ಅಂದಳು ನಿಂಬೆವ್ವ. "ಕರೀ ಬಳೀಬ್ಯಾಡೋ! ಆ ಜಮಖಾನಾ ಒಂದು ಸಲ ಹೊರಳಿಸಿ ಹಾಸಿದ್ರ ಪಡಸಾಲಿ ತುಂಬತಿತ್ತಲ್ಲೋ! ಹಿಡಿಸದಿದ್ರ ಹೊರಳಿಸು! ನಿಂತ ಜಾಗಕ್ಕ ನಿಂದ್ರಿಸು, ಮಲಗಿದ ಜಾಗಕ್ಕ ಮಲಗಿಸು!"

"ಹೂಂ. ಹೊರಳಿಸ್ತೀನಿ."

ಮಾಸ್ತರ ಸಿಟ್ಟು ಇಳಿಸಬೇಕಲ್ಲ, ಪುಣ್ಯತಿಥಿ ಬಾಗಿಲಿಗೆ ಬಂದಿದೆ. ನಿಂಬೆವ್ವ ಗೋಧಿ ಹುಗ್ಗಿ ಮಾಡಿದಳು. ಬೆಲ್ಲ, ಗಸಗಸೆ, ಕೊಬ್ಬರಿ, ಮೇಲೆ ತುಪ್ಪ. ಎತ್ತರದ ತಾಮ್ರದ ಕೊಡದ ತುಂಬ ಹಾಕಿ, "ಸೈಕಲ್ ಮ್ಯಾಲೆ ಇಟಗೊಂಡು ಹೋಗಿ ಮಾಸ್ತರಿಗೆ ಕೊಟ್ಟು ಕಾಲಿಗೆ ಬೀಳು," ಅಂದಳು. 

ದ್ಯಾಮಣ್ಣ ಕೊಡವನ್ನು ಸೈಕಲ್ಲಿನ ಹಿಂದೆ ಇಟ್ಟ. ಅದು ಅಲ್ಲಾಡಿತು. ಕೊಡ ನೋಡಿದ, ನಿಂತಿದೆ. ಕ್ಯಾರಿಯರ್ ನೋಡಿದ, ಮಲಗಿದೆ. ಮಲಗಿದ ಜಾಗಕ್ಕ ಮಲಗಿಸು! ಕೊಡವನ್ನು ಮಲಗಿಸಿ ಹಗ್ಗದಿಂದ ಬಿಗಿದ. ಈಗ ಒಂದೀಟೂ ಅಲ್ಲಾಡಲಿಲ್ಲ. ಸೀಟಿ ಹೊಡೆಯುತ್ತ ಹೊರಟ.

ಹಿಂದೆ ಒಂದು ನಾಯಿ ಬಂತು. ಆಮೇಲೆ ಇನ್ನೊಂದು. ಮಾಸ್ತರ ಮನೆ ಮುಟ್ಟುವಾಗ ಪೇಟೆಯ ನಾಯಿಗಳೆಲ್ಲ ಹಿಂದಿದ್ದವು, ರಸ್ತೆಯುದ್ದಕ್ಕೂ ಬೆಲ್ಲದ ಬಣ್ಣದ ಗೆರೆ. "ಮಾಸ್ತರ, ಅವ್ವ ಹುಗ್ಗಿ ಕಳಿಸ್ಯಾಳ!" ಅಂತ ಕೊಡ ಎತ್ತಿ ಕೊಟ್ಟು ಕಾಲಿಗೆ ಬಿದ್ದ. ಮಾಸ್ತರು ಕೊಡದೊಳಗೆ ಕಣ್ಣಿಟ್ಟರು. ತಳ ಕಾಣಿಸಿತು.

ಮಾಸ್ತರು ಖಾಲಿ ಕೊಡ ಹಿಡಿದುಕೊಂಡು ನಿಂಬೆವ್ವನ ಬಾಗಿಲಿಗೇ ಬಂದರು. "ನಿಂಬೆವ್ವಾ, ಮಳಿಯಪ್ಪ ನನ್ನ ಗೆಳ್ಯಾ. ಅವನ ತಿಥಿಗೆ ಮಂಡಳಿಯವರನ್ನ ಕರಕೊಂಡು ಬಂದು ಭಜನಿ ಮಾಡ್ತೀನಿ. ಆದ್ರ ಮಠದ ಫೋಟೋ ಮಾತ್ರ ಕೇಳಬ್ಯಾಡ. ನಿನ್ನ ಮಗನ ಕೈಯಾಗ ಕೊಟ್ರ ಆ ಮೊಣಕೈನೂ ಉಳಿಯೂದಿಲ್ಲ!"

ಹೋದರು. ನಿಂಬೆವ್ವ ಬಾಗಿಲ ಹೊಸ್ತಿಲ ಮೇಲೆ ಕೂತಳು. ಈ ಸಲ ಅವಳ ಮಾತಿನಲ್ಲಿ ಬಿರುಸು ಇರಲಿಲ್ಲ. "ಕೊಡಾ ಯಾರಿಗೆ ಬೇಕಿತ್ತೋ ದ್ಯಾಮ್ಯಾ? ಒಳಗಿಂದು ಮುಖ್ಯ. ಒಳಗಿಂದು ಪೂರಾ ಬರಬೇಕು, ಒಂದು ಚೂರೂ ಹೊರಗ ಹೋಗಬಾರದು. ಹಿಡಿಸದಿದ್ರ ಹೊರಗಿಂದು ಬದಲಿ ಮಾಡಬೇಕು." ಹಾಗಂದವಳು ಸೆರಗು ಕಣ್ಣಿಗೆ ಒತ್ತಿಕೊಂಡು ಅತ್ತಳು.

ಬೈಯುವ ಅವ್ವನನ್ನು ದ್ಯಾಮಣ್ಣ ದಿನಾ ನೋಡಿದ್ದ. ಅಳುವ ಅವ್ವನನ್ನು ಹೀಗೆ ಹತ್ತಿರದಿಂದ ನೋಡಿರಲಿಲ್ಲ. ಏನಾದರೂ ಮಾತಾಡಬೇಕು ಅನ್ನಿಸಿತು. ಅವನಲ್ಲಿದ್ದ ಮಾತು ಒಂದೇ.

"ಯವ್ವಾ, ಅಪ್ಪನ್ನ ಕೊಯ್ದದ್ದು ಎಲ್ಲಿ ಹೋಗ್ತೈತವ್ವಾ?"

"ಎಲ್ಲಿ ಹೋಗ್ತೈತಿ!" ನಿಂಬೆವ್ವ ಸಿಡಿದೆದ್ದಳು. "ಇದ್ದಲ್ಲೇ ಇರ್ತೈತಿ! ಹೋಗು! ಹುಡುಕು ಹೋಗು! ಸಿಗೂತನಕ ನನಗ ಮುಖಾ ತೋರಿಸಬ್ಯಾಡ!"

ಬೇರೆ ಯಾರಾದರೂ ಆಗಿದ್ದರೆ ಬೇಸರದ ಮಾತು ಅಂತ ಸುಮ್ಮನಾಗುತ್ತಿದ್ದರು. ದ್ಯಾಮಣ್ಣ ಹೂಂ ಅಂದ, ಹುಡುಕಲು ಹೋದ.

ಅಂಗಡಿಯಲ್ಲಿ ಮತ್ತೆ ಕಸದ ಬುಟ್ಟಿ ಬೋರಲು ಹಾಕಿದ. ಪ್ರಿಂಟರಿನ ಬಾಯಲ್ಲಿ ಕಣ್ಣಿಟ್ಟು ನೋಡಿದ. ಕಂಪ್ಯೂಟರಿನಲ್ಲಿ ಮಠದ ಫೋಟೋ ಹುಡುಕಿದ. ಅಲ್ಲಿಂದ ಅಪ್ಪ ಅದನ್ನು ಯಾವಾಗಲೋ ಅಳಿಸಿದ್ದ. ಆಮೇಲೆ ಅವನಿಗೆ ಹೊಳೆಯಿತು, ಅಪ್ಪ ಫೋಟೋ ಕೊಯ್ದದ್ದು ಕಂಪ್ಯೂಟರಿನಲ್ಲಿ. ಅದು ಕಂಪ್ಯೂಟರಿಗೆ ಬಂದದ್ದು ಎಲ್ಲಿಂದ? ಕ್ಯಾಮೆರಾದ ಕಾರ್ಡಿನಿಂದ. ಇದ್ದಲ್ಲೇ ಇರ್ತೈತಿ ಅಂದಿದ್ದಾಳೆ ಅವ್ವ. ಹಾಗಾದರೆ ಮೊದಲು ಇದ್ದದ್ದು ಎಲ್ಲಿ?

ಮೇಜಿನ ಖಾನೆಯಲ್ಲಿ ಅಪ್ಪನ ಹಳೇ ಕಾರ್ಡುಗಳ ಡಬ್ಬಿ ಇತ್ತು. ಅಡಿಕೆ ಚೂರಿನಂಥ ಕಾರ್ಡುಗಳು. ಒಂದೊಂದೇ ಹಾಕಿ ನೋಡಿದ. ಮದುವೆ, ತೊಟ್ಟಿಲು, ಸೀಮಂತ, ಪಾಸ್‌ಪೋರ್ಟ್ ಸೈಜಿನ ಮುಖಗಳು. ನೋಡುತ್ತ ನೋಡುತ್ತ ಭಜನಾ ಮಂಡಳಿ ಬಂತು. ಅದೇ ಜನ, ಅದೇ ಪೇಟಿ, ಅದೇ ತಾಳ. ಆದರೆ ಇದು ಹದಿನಾರಕ್ಕ ಒಂಬತ್ತು! ಸಾಲು ಉದ್ದ ಅಂತ ಅಪ್ಪ ಕ್ಯಾಮೆರಾದ ಅಳತೆಯನ್ನು ಟೀವಿಯ ಅಗಲಕ್ಕೆ ಇಟ್ಟಿದ್ದಾನೆ. ಮಠದ ಕಟ್ಟು ಐದಕ್ಕ ನಾಲ್ಕು. ಅದರಲ್ಲಿ ಹಿಡಿಸಲು ಎರಡೂ ತುದಿ ಕೊಯ್ದಿದ್ದಾನೆ. ಭಜನೆಯವರನ್ನು ಕೊಯ್ಯುವಂತಿಲ್ಲ, ಹೆಚ್ಚಾದವನು ತಾನೇ ಅಂದುಕೊಂಡಿದ್ದಾನೆ.

ಗೋಡೆಯ ಮೇಲೆ ಮುಗಿದಲ್ಲಿ ಈ ಫೋಟೋ ಮುಗಿದಿರಲಿಲ್ಲ. ಮೊಣಕೈ ಇತ್ತು. ಮೊಣಕೈ ಹಿಂದೆ ತೋಳಿತ್ತು. ತೋಳಿನ ಹಿಂದೆ ಅಪ್ಪ ಇದ್ದ.

ದ್ಯಾಮಣ್ಣ ಕಂಪ್ಯೂಟರಿನ ಗಾಜಿನ ಮೇಲೆ ಬೆರಳಿಟ್ಟು ನೋಡಿದ. "ಅಪ್ಪಾ, ಇಲ್ಲಿದ್ದೀಯಾ?" ಅಂತ ಕೇಳಿದ. ಬಹಳ ದಿನದಿಂದ ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೊಯ್ದದ್ದು ಎಲ್ಲಿಗೂ ಹೋಗುವುದಿಲ್ಲ. ಬರಮಪ್ಪನೂ ತನ್ನ ಫೋನಿನಲ್ಲಿ ಎತ್ತಿನ ಪಕ್ಕ ಮೀಸೆ ತಿರುವುತ್ತ ನಿಂತೇ ಇರಬೇಕು.

ಅಪ್ಪನ ಮುಖವೊಂದನ್ನೇ ದೊಡ್ಡದು ಮಾಡಿ ತಂದಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಒಳಗಿಂದು ಪೂರಾ ಬರಬೇಕು, ಹೊರಗಿಂದು ಬದಲಿ ಮಾಡಬೇಕು ಅಂದಿದ್ದಾಳೆ ಅವ್ವ. ಬ್ಯಾನರ್ ಹಾಕುವ ಅಂಗಡಿಗೆ ಹೋಗಿ ಈ ತುದಿಯಿಂದ ಆ ತುದಿಯ ತನಕ ಪೂರಾ ಫೋಟೋ ಮಾಡಿಸಿದ. ಆಳುದ್ದ ಆಯಿತು. ಅದಕ್ಕೆ ತಕ್ಕ ಕಟ್ಟು ತಾನೇ ಬಡಿದ.

ಪುಣ್ಯತಿಥಿಯ ಮುಂಜಾನೆ ಕಟ್ಟು ಹೊತ್ತು ಮನೆಗೆ ಬಂದ. ಅವ್ವ ಅಡಿಗೆಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಖಾಲಿ ಇದ್ದ ಗೋಡೆ ಒಂದೇ, ಬಾಗಿಲಿಗೂ ಕಿಟಕಿಗೂ ನಡುವೆ. ಉದ್ದಕ್ಕೆ ನಿಂತ ಸಪೂರ ಗೋಡೆ. ಫೋಟೋ ಅಡ್ಡ ಇಟ್ಟರೆ ಬಾಗಿಲು ಮುಚ್ಚುತ್ತದೆ. ಕೊಯ್ಯುವಂತಿಲ್ಲ, ಎಳೆಯುವಂತಿಲ್ಲ, ಕರಿ ಬಳಿಯುವಂತಿಲ್ಲ. ನಿಂತ ಜಾಗಕ್ಕ ನಿಂದ್ರಿಸು! ಫೋಟೋವನ್ನು ಉದ್ದಕ್ಕೆ ನಿಲ್ಲಿಸಿ ಮೊಳೆ ಬಡಿದ.

ಭಜನಾ ಮಂಡಳಿಯವರು ಬಂದು ನೋಡಿದರೆ ತಾವೆಲ್ಲ ಒಬ್ಬರ ಕೆಳಗೊಬ್ಬರು ಅಡ್ಡಡ್ಡ! ನಿಂಬೆವ್ವ ಹಾರ ಹಿಡಿದು ಹೊರಗೆ ಬಂದಳು. "ಏನೋ ಇದು! ಮಂದೀನೆಲ್ಲಾ ಹಲ್ಲಿ ಹಂಗ ಗ್ವಾಡಿಗೆ ಅಂಟಿಸೀಯಲ್ಲೋ!"

"ಇದಕ್ಕ ಹಾರಾ ಹಾಕಬ್ಯಾಡ!" ಪೇಟಿ ಮಾಸ್ತರು ಜಿಗಿದೆದ್ದರು. "ಅದರಾಗ ನಾ ಅದೀನಿ! ಬದುಕಿದವರ ಫೋಟೋಕ್ಕ ಹಾರಾ ಹಾಕ್ತಾರೇನು!"

"ನಾನೂ ಅದೀನಿ!" ಅಂದ ತಾಳದವನು. ಎಲ್ಲರಿಗೂ ಜೀವಭಯ.

"ಹಾರಾ ಅಪ್ಪಗ," ಅಂದ ದ್ಯಾಮಣ್ಣ. ಅವ್ವನ ಕೈಯಿಂದ ಹಾರ ತಗೊಂಡು, ಸ್ಟೂಲು ಹತ್ತಿ, ಮೇಲಿನ ಮೊಳೆಗೆ ಹಾಕಿದ. ಹಾರ ಕೆಳಗೆ ಇಳಿಯಿತು. ಮೇಲಿದ್ದ ಮಳಿಯಪ್ಪನ ಸುತ್ತ ಬಂದು ಅಲ್ಲೇ ನಿಂತಿತು. ಭಜನೆಯವರು ಕುತ್ತಿಗೆ ವಾಲಿಸಿ ತಮ್ಮ ತಮ್ಮನ್ನು ಹುಡುಕಿಕೊಂಡರು. "ನನಗ ತಾಗಿಲ್ಲ." "ನನಗೂ ತಾಗಿಲ್ಲ." ಫೋಟೋ ಸೀದಾ ಹಾಕಿದ್ದರೆ ಹಾರ ನಡುವೆ ಜೋತು ಪೇಟಿ ಮಾಸ್ತರ ಕೊರಳಿಗೇ ಬೀಳುತ್ತಿತ್ತು!

ನಿಂಬೆವ್ವನಿಗೆ ಇದ್ಯಾವುದೂ ಕಿವಿಗೆ ಬಿದ್ದಿರಲಿಲ್ಲ. "ಯಾರಿಗೆ ಅಂದೀ?" ಅಂತ ಕೇಳಿದಳು.

"ಅಪ್ಪಗ. ಹುಡುಕು ಅಂದಿದ್ದಿಯಲ್ಲ, ಸಿಕ್ಕ."

ಅವಳು ತಲೆ ವಾಲಿಸಿದಳು. ಸಾಲಲಿಲ್ಲ. ಇನ್ನೂ ವಾಲಿಸಿದಳು. ಕಡೆಗೆ ಅಲ್ಲೇ ನೆಲದ ಮೇಲೆ ಪಕ್ಕಕ್ಕೆ ಮಲಗಿಬಿಟ್ಟಳು. ಆಗ ಎಲ್ಲ ಸೀದಾ ಕಂಡಿತು. ಭಜನೆಯವರ ಸಾಲಿನ ತುದಿಗೆ ಮಳಿಯಪ್ಪ, ಒಂದು ಕಾಲು ಇನ್ನೂ ಗಾಳಿಯಲ್ಲೇ ಇದೆ. ಅದೇ ಮೂಗು, ಅದೇ ನಗು, ಎರಡೂ ಕೂಡಿಯೇ ಇದ್ದವು.

"ಕ್ಯಾಮೆರಾಕ್ಕ ಟೈಮ್ ಇಟ್ಟು ಓಡಿ ಬಂದಿದ್ದ," ಅಂದರು ಮಾಸ್ತರು. ಅವರೂ ಆಗಲೇ ನೆಲಕ್ಕೆ ಒರಗಿದ್ದರು. "ಆದ್ರ ಅವ ಎಲ್ಲಿ ನೋಡ್ಲಿಕ್ಕತ್ತಾನ? ನಾವೆಲ್ಲಾ ಕ್ಯಾಮೆರಾ ನೋಡಾಕತ್ತೀವಿ. ಅವ ಆ ಕಡೆ ನೋಡಾಕತ್ತಾನ."

ಎಲ್ಲರೂ ಮಲಗಿದಲ್ಲೇ ಆ ಕಡೆ ನೋಡಿದರು. ಸಾಲಿನ ಇನ್ನೊಂದು ತುದಿಗೆ ಒಬ್ಬ ಹೆಂಗಸು, ತಲೆಯ ಮೇಲೆ ಬುತ್ತಿ, ಫೋಟೋ ನಡೆದದ್ದು ಗೊತ್ತಿಲ್ಲದೆ ಒಳಗೆ ನಡೆದು ಬರುತ್ತಿದ್ದಾಳೆ.

"ಯಾರ ಅದು?" ಅಂದಳು ನಿಂಬೆವ್ವ.

"ನೀನ, ಯವ್ವಾ."

ನಿಂಬೆವ್ವ ಅಳುತ್ತಲೇ ನಕ್ಕಳು. ಆ ದಿನ ಭಜನೆಯನ್ನೂ ಮಲಗಿಕೊಂಡೇ ಹಾಡಿದರು. ಪೇಟಿಯೊಂದನ್ನು ಮಾತ್ರ ಕೂಡ್ರಿಸಿದ್ದರು, ಮಾಸ್ತರು ಅದರ ಪಕ್ಕ ಒರಗಿ ಒಂದು ಕೈಯಲ್ಲಿ ಬಾರಿಸಿದರು.

ಊಟವಾದ ಮೇಲೆ ಮಾಸ್ತರೇ ದ್ಯಾಮಣ್ಣನ ಬೆನ್ನು ತಟ್ಟಿದರು. "ಇವತ್ತು ಎಲ್ಲಾರೂ ಕೂಡೀವಿ. ಒಂದು ಫೋಟೋ ತೆಗೀಪಾ." ನಿಂಬೆವ್ವ ಮಗನನ್ನು ಹತ್ತಿರ ಕರೆದಳು. "ಕೇಳಿಲ್ಲಿ. ಕೊಯ್ಯಬ್ಯಾಡ, ಎಳೀಬ್ಯಾಡ, ಕರೀ ಬಳೀಬ್ಯಾಡ, ಹೊರಳಿಸಬ್ಯಾಡ. ಯಾರನ್ನೂ ಹೊರಗ ಬಿಡಬ್ಯಾಡ. ನಿಮ್ಮಪ್ಪ ಹೊರಗ ಉಳದು ಉಳದು ಹಿಂಗಾತು. ನೀನೂ ಬಂದು ನನ್ನ ಬಾಜೂಕ ನಿಂದ್ರು."

"ಹೂಂ," ಅಂದ ದ್ಯಾಮಣ್ಣ.

ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತರು. ಅವನು ಅಪ್ಪನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂಡ್ರಿಸಿ, ಟೈಮ್ ಇಟ್ಟು ಓಡಿದ. ಅರ್ಧಕ್ಕೆ ನಿಂತ, ಹಿಂದೆ ನೋಡಿದ. ಎಲ್ಲರೂ ಇತ್ತ ಇದ್ದಾರೆ. ಕ್ಯಾಮೆರಾ ಒಂದೇ ಅತ್ತ ಹೊರಗೆ ಉಳಿದಿದೆ! ಯಾರನ್ನೂ ಹೊರಗ ಬಿಡಬ್ಯಾಡ ಅಂದಿದ್ದಾಳೆ ಅವ್ವ. ಓಡಿಹೋಗಿ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಎದೆಗೆ ಅವಚಿಕೊಂಡು ಬಂದು ಅವ್ವನ ಪಕ್ಕ ನಿಂತ. "ನಗ್ರಿ!" ಅಂದ. ಎಲ್ಲರೂ ಖಾಲಿ ಸ್ಟ್ಯಾಂಡು ನೋಡಿ ಹಲ್ಲು ಕಿರಿದರು. ಟಕ್ ಅಂತು.

ಫೋಟೋದಲ್ಲಿ ಇದ್ದದ್ದು ಅಂಗಳ ಮತ್ತು ಮೂರು ಕಾಲಿನ ಸ್ಟ್ಯಾಂಡು.

ನಿಂಬೆವ್ವ ಕೈ ಎತ್ತಿದಳು, ಬಾಯಿ ತೆರೆದಳು. "ಲೇ ಖೋಡಿ! ಇದರಾಗ ನಾವೆಲ್ಲಿ ಅದೀವೋ?"

"ಈ ಕಡೆ ಅದೀವಲ್ಲ ಯವ್ವಾ," ಅಂದ ದ್ಯಾಮಣ್ಣ. "ಅಪ್ಪ ದಿನಾ ನಿಂದರತಿದ್ದನಲ್ಲ, ಅಲ್ಲೇ."

ನಿಂಬೆವ್ವ ಎತ್ತಿದ ಕೈಯಿಂದಲೇ ಕ್ಯಾಮೆರಾ ತಗೊಂಡು ಆ ಫೋಟೋ ಮತ್ತೆ ನೋಡಿದಳು. ಮದುವೆಯ ಆಲ್ಬಮ್ಮಿನ ಖಾಲಿ ಕುರ್ಚಿಗಳು ಅವಳ ಕಣ್ಣ ಮುಂದೆ ಬಂದವು. ಆಮೇಲೆ ಮೂಗು ಒರೆಸಿಕೊಂಡು, "ಎಷ್ಟಕ್ಕ ಎಷ್ಟು?" ಅಂತ ಕೇಳಿದಳು.

"ಮೂರಕ್ಕ ಎರಡು."

"ಹೂಂ," ಅಂದಳು ನಿಂಬೆವ್ವ, ಕಟ್ಟು ಬಡಿಯಲು ಮರದ ಪಟ್ಟಿ ತೆಗೆದಳು.

ಈಗಲೂ ಆ ಫೋಟೋ ಅವರ ಅಂಗಡಿಯಲ್ಲಿದೆ. "ಇದೇನ್ರಿ ಯವ್ವಾ, ಬರೇ ಸ್ಟ್ಯಾಂಡಿಗೆ ಕಟ್ಟು ಹಾಕೀರಿ?" ಅಂತ ಬಂದವರು ಕೇಳಿದರೆ ನಿಂಬೆವ್ವ ಗಾಜು ಕೊಯ್ಯುತ್ತ, ತಲೆ ಎತ್ತದೆ ಹೇಳುತ್ತಾಳೆ:

"ಸರಿಯಾಗಿ ನೋಡ್ರಿ. ನಮ್ಮ ಮನಿ ಮಂದಿ ಎಲ್ಲಾ ಅದಾರ."